ಯಾರೋ ಓದುತ್ತಿದ್ದಾರೆ

ಕಂಪ್ಯೂಟರು ನಿಧಾನವಾಗಿದೆ ಎಂದು ದೂರಿದವಳು ನಾನೇ. ಆ ವರ್ಷ ನಮ್ಮ ಮನೆಯಲ್ಲಿ ಎಲ್ಲವೂ ನಿಧಾನವಾಗಿತ್ತು. ಆದರೆ ಕರೆಸಿ ತೋರಿಸಿ ರಿಪೇರಿ ಮಾಡಿಸಬಹುದಾದದ್ದು ಅದೊಂದೇ.

ಡಮ್ ಡಮ್‌ನಲ್ಲಿ ನಮ್ಮ ಫ್ಲಾಟಿನ ಕೆಳಗೇ ಅಂಗಡಿ ಇಟ್ಟುಕೊಂಡಿದ್ದ ದೀಪಂಕರ್ ಬಂದು ಹೊಸ ಆಂಟಿವೈರಸ್ ಹಾಕಿದ. ಹಾಕಿದ್ದೇ ತಡ, ಪರದೆಯ ಮೂಲೆಯಲ್ಲಿ ಒಂದು ಹಳದಿ ಚೌಕ ಎದ್ದಿತು. ಕೆಹುಕ್ ಎಂಬ ಪ್ರೋಗ್ರಾಂ ನೀವು ಒತ್ತುವ ಪ್ರತಿಯೊಂದು ಕೀಯನ್ನೂ ಗಮನಿಸುತ್ತಿದೆ, ಬಿಡಬೇಕೋ ತಡೆಯಬೇಕೋ ಎಂದು ಅದು ಕೇಳುತ್ತಿತ್ತು. ದೀಪಂಕರ್ ಟಾಸ್ಕ್ ಮ್ಯಾನೇಜರ್ ತೆರೆದು, ಓಡುತ್ತಿರುವ ಪ್ರೋಗ್ರಾಂಗಳ ಸಾಲಿನಲ್ಲಿ ಅದರ ಹೆಸರಿನ ಮೇಲೆ ಬೆರಳಿಟ್ಟ. ಅದಕ್ಕೊಂದು ಕಿಟಕಿ ಇಲ್ಲ, ಐಕಾನ್ ಇಲ್ಲ. ಸದ್ದಿಲ್ಲದೆ ಹಿಂದೆ ಓಡುತ್ತಿತ್ತು.

"ಬೌದಿ, ಇದು ಕೀಲಾಗರ್. ನೀವು ಟೈಪ್ ಮಾಡಿದ್ದನ್ನೆಲ್ಲ ಇಟ್ಟುಕೊಳ್ಳುತ್ತೆ," ಎಂದು ಹಿಂದಿಯಲ್ಲಿ ಹೇಳಿದ, ಅತ್ತಿಗೆ ಎನ್ನುವುದೊಂದು ಮಾತ್ರ ಬಂಗಾಳಿಯಲ್ಲಿ. ಆಮೇಲೆ ದನಿ ತಗ್ಗಿಸಿದ. "ಇಂಥದ್ದನ್ನ ಮನೆಯವರೇ ಹಾಕಿರ್ತಾರೆ. ಈಚೆಗೆ ಬಹಳ ನೋಡ್ತಿದ್ದೀನಿ. ಫಾರ್ಮ್ಯಾಟ್ ಮಾಡಿಬಿಡ್ಲಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನನಗೆ ಮೊದಲು ನೆನಪಾದದ್ದು ನಾನು ಬರೆದಿದ್ದ ಮೇಲ್‌ಗಳು. ಈಗ ಬೇಡ, ಹಾಗೇ ಇರಲಿ ಎಂದು ಅವನನ್ನು ಕಳಿಸಿದೆ.

ಮನೆಯವರು ಎಂದರೆ ಇಬ್ಬರೇ. ನಾನು, ವಿಶಾಲಾಕ್ಷಿ, ಮೈಸೂರಿನವಳು. ಬಾರಾನಗರದ ಸಂಶೋಧನಾ ಸಂಸ್ಥೆಯ ಲೈಬ್ರರಿಯಲ್ಲಿ ಕೆಲಸ. ನನ್ನ ಗಂಡ ವಿನಾಯಕ ಧಾರವಾಡದ ಕಡೆಯವರು. ಖಿದಿರ್‌ಪುರದ ಬಂದರಿನಲ್ಲಿ ಅವರ ಆಫೀಸು. ಮದುವೆಯಾದ ಹೊಸದರಲ್ಲಿ ಅವರ ಕನ್ನಡವನ್ನು ನಾನು, ನನ್ನ ಕನ್ನಡವನ್ನು ಅವರು ಅಣಕಿಸಿಕೊಂಡೇ ಸಂಜೆಗಳನ್ನು ಕಳೆದಿದ್ದೆವು. ಮೂರನೆಯವಳು ಹಿಂದಿನ ವರ್ಷ ದುರ್ಗಾಪೂಜೆಯ ಹೊತ್ತಿಗೆ ಹುಟ್ಟಿದಳು. ಅಳಲಿಲ್ಲ. ಆಸ್ಪತ್ರೆಯ ಪಕ್ಕದ ಪೂಜೆಯ ಪೆಂಡಾಲಿನಲ್ಲಿ ಢಾಕ್ ಡೋಲು ಬಾರಿಸುತ್ತಿದ್ದರು. ನರ್ಸು ಹೋಗಿ ಕಿಟಕಿ ಮುಚ್ಚಿದಳು.

ಆಮೇಲೆ ಆ ಮಾತನ್ನು ನಾವು ಎತ್ತಲಿಲ್ಲ. ಅವರು ಅಳಲಿಲ್ಲ, ನಾನೂ ಅಳಲಿಲ್ಲ. ನನಗೆ ದುಃಖವಾಗಿದೆ ಎಂದು ಬಂದವರೆಲ್ಲ ಹೇಳಿ ಹೋದರು. ನನಗೆ ಅದೂ ತಿಳಿಯುತ್ತಿರಲಿಲ್ಲ. ಜ್ವರದ ಬಾಯಿಗೆ ಅನ್ನ ಇಟ್ಟುಕೊಂಡ ಹಾಗೆ ದಿನಗಳು ಹೋಗುತ್ತಿದ್ದವು, ರುಚಿಯಿಲ್ಲ, ನುಂಗಬೇಕು ಎಂದು ನುಂಗುವುದು. ಇವರು ಬೆಳಿಗ್ಗೆ ಹೋಗುತ್ತಿದ್ದರು, ಸಂಜೆ ಬರುತ್ತಿದ್ದರು, "ಊಟ ಆತೇನು" ಎಂದು ಕೇಳುತ್ತಿದ್ದರು. ಆಯ್ತು ಎನ್ನುತ್ತಿದ್ದೆ. ಅಲ್ಲಿಗೆ ಆ ದಿನದ ದಾಂಪತ್ಯ ಮುಗಿಯುತ್ತಿತ್ತು.

ನಾನು ಬರೆಯುತ್ತಿದ್ದದ್ದು ಪ್ರಫುಲ್ಲಾಗೆ. ಕಾಲೇಜಿನ ಗೆಳತಿ, ಈಗ ಮೈಸೂರಿನ ಒಂದು ಸಂಸ್ಥೆಯಲ್ಲಿದ್ದಳು. ಅಲ್ಲಿಯ ಲೈಬ್ರರಿಯಲ್ಲಿ ಜಾಗ ಖಾಲಿಯಿದೆ ಎಂದು ಅವಳೇ ತಿಳಿಸಿದ್ದಳು. ನಾನು ಅರ್ಜಿ ಹಾಕಿದ್ದೆ, ಆಯ್ಕೆಯೂ ಆಗಿತ್ತು. ಬರುತ್ತೇನೆ ಎಂದು ಒಪ್ಪಿಗೆ ಬರೆಯುವುದೊಂದೇ ಬಾಕಿ. ಗಂಡನಿಗೆ ಹೇಳಿರಲಿಲ್ಲ. ಹೇಳದೆಯೇ ಹೊರಟುಬಿಡುವ ಧೈರ್ಯ ನನಗಿರಲಿಲ್ಲ, ಇಲ್ಲೇ ಉಳಿಯುವ ಆಸೆಯೂ ಇರಲಿಲ್ಲ. "ಹೇಳಿದ್ರೆ ಸರಿ ಹೋಗು ಅಂತಾರೆ ಕಣೇ, ಅದಕ್ಕೇ ಹೇಳಿಲ್ಲ," ಎಂದು ಪ್ರಫುಲ್ಲಾಗೆ ಬರೆದಿದ್ದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಮೇಲ್ ಎಂದರೆ ಆಗ ಎಲ್ಲರಿಗೂ ಹಾಗೆಯೇ.

ಈಗ ಈ ಕೆಹುಕ್. ಲೈಬ್ರರಿಯವಳಿಗೆ ಹೆಸರು ಗೊತ್ತಿಲ್ಲದ ವಸ್ತು ಕಂಡರೆ ಸುಮ್ಮನಿರಲಾಗುವುದಿಲ್ಲ. ಆ ಫೈಲು ಎಲ್ಲಿದೆ ಎಂದು ಹುಡುಕಿದೆ. ವಿಂಡೋಸಿನ ಫೋಲ್ಡರಿನಲ್ಲೇ, ಮನೆಯವನ ಹಾಗೆ ಕುಳಿತಿತ್ತು. ಯಾವ ಕಂಪನಿಯದ್ದು ಎಂದು ನೋಡಿದರೆ ಆ ಜಾಗ ಖಾಲಿ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಅದರ ಸುದ್ದಿಯೇ ಇಲ್ಲ. ಅದನ್ನು ಹೋಲುವ ಇನ್ನೊಂದರ ಬಗ್ಗೆ ಮಾತ್ರ ಯಾರೋ ಒಬ್ಬ, ಇಂಥವು ಕೀಬೋರ್ಡಿಗೆ ಕಿವಿಕೊಟ್ಟು ಕೂತಿರುತ್ತವೆ ಎಂದು ಬರೆದಿದ್ದ. ಆಂಟಿವೈರಸ್ಸಿನೊಳಗೆ ಹೊಕ್ಕು ಅದು ಹೊರಗೆ ಯಾರಿಗಾದರೂ ಏನಾದರೂ ಕಳಿಸುತ್ತಿದೆಯೇ ಎಂದು ನೋಡಿದೆ. ಇಲ್ಲ. ಅಂದರೆ ಕಳ್ಳ ದೂರದವನಲ್ಲ. ಕೇಳುತ್ತಿರುವುದು ಮನೆಯೊಳಗೆ, ಓದುವವರೂ ಮನೆಯೊಳಗೆ.

ನನಗೆ ಸಿಟ್ಟು ಬರಬೇಕಿತ್ತು. ಕಾದೆ, ಬರಲಿಲ್ಲ. ನಿಜ ಹೇಳುತ್ತೇನೆ, ನನಗೆ ಒಂದು ಥರ ಸಂತೋಷವಾಯಿತು. ಊಟ ಆತೇನು ಎಂದು ಬಿಟ್ಟರೆ ಬೇರೇನೂ ಕೇಳದ ಮನುಷ್ಯ, ನಾನು ಏನು ಯೋಚಿಸುತ್ತೇನೆ ಎಂದು ತಿಳಿಯಲು ಇಷ್ಟು ಕಷ್ಟಪಟ್ಟಿದ್ದಾರಲ್ಲ. ಯಾರೋ ಓದುತ್ತಿದ್ದಾರೆ. ಹಳದಿ ಚೌಕದಲ್ಲಿ 'ಬಿಡು' ಎಂಬಲ್ಲಿ ಒತ್ತಿದೆ. ಅದು ಮತ್ತೆ ಕೇಳಲಿಲ್ಲ.

ಅಲ್ಲಿಂದ ನಾನು ಇಬ್ಬರಿಗೆ ಬರೆಯತೊಡಗಿದೆ. ಹೆಸರಿಗೆ ಪ್ರಫುಲ್ಲಾ, ಕಿವಿ ಬೇರೆಯವರದ್ದು. ಮಗಳಿಗೆ ಹೇಳಿ ಸೊಸೆಗೆ ಕೇಳಿಸುವ ವಿದ್ಯೆ ನಮ್ಮಲ್ಲಿ ಯಾರಿಗೆ ಬರುವುದಿಲ್ಲ?

ಮೊಸರಿನ ವಿಷಯ ಬರೆದೆ. ಮನೆಯಲ್ಲಿ ಹೆಪ್ಪು ಹಾಕುವುದನ್ನು ನಾನು ಬಿಟ್ಟು ಎಷ್ಟೋ ಕಾಲವಾಗಿತ್ತು. ಮೈಸೂರಿನಿಂದ ಬರುವಾಗ ಅಮ್ಮ ಡಬ್ಬಿಯಲ್ಲಿ ಹಾಕಿಕೊಟ್ಟ ಹೆಪ್ಪು ಅದು. ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದದ್ದು. ಆಸ್ಪತ್ರೆಯಿಂದ ಬಂದ ಮೇಲೆ ಒಂದು ದಿನ ಹಾಲಿಗೆ ಹೆಪ್ಪು ಬಿಡಲಿಲ್ಲ, ಮರುದಿನವೂ ಬಿಡಲಿಲ್ಲ, ಅಲ್ಲಿಗೆ ಮುಗಿಯಿತು. ಇವರು ಸ್ಟೇಷನ್ ಪಕ್ಕದ ಅಂಗಡಿಯಿಂದ ಮಣ್ಣಿನ ಕುಡಿಕೆಯಲ್ಲಿ ಮಿಷ್ಟಿ ದೊಯಿ ತರತೊಡಗಿದರು. ಸಕ್ಕರೆ ಮೊಸರು. ಅದನ್ನು ಅನ್ನಕ್ಕೆ ಕಲಸಿ ಒಗ್ಗರಣೆ ಹಾಕಿ ನೋಡಿ, ಗೊತ್ತಾಗುತ್ತದೆ. "ಮೊಸರನ್ನ ತಿಂದು ಆರು ತಿಂಗಳಾಯ್ತೇನೋ. ಈ ಮನುಷ್ಯನಿಗೆ ಅದೂ ಕಂಡಿಲ್ಲ," ಎಂದು ಬರೆದೆ.

ಅದೇ ವಾರ ಇವರು ಬಂದು ಕುಡಿಕೆಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟರು. ತೆರೆದರೆ ಟೊಕ್ ದೊಯಿ. ಬಿಳೀ ಹುಳಿ ಮೊಸರು.

ಅನ್ನಕ್ಕೆ ಕಲಸಿ, ಸಾಸಿವೆ ಸಿಡಿಸಿ, ಇಬ್ಬರೂ ತಿಂದೆವು. ನನಗೆ ರುಚಿ ತಿಳಿಯಿತು. ಹಸಿವಾಗಿ ಇನ್ನೊಂದು ಹಿಡಿ ಹಾಕಿಕೊಂಡೆ. ಇವರು ಓದುತ್ತಿದ್ದಾರೆ ಎಂಬುದರಲ್ಲಿ ನನಗೆ ಇನ್ನು ಅನುಮಾನ ಉಳಿಯಲಿಲ್ಲ.

ಹಾಗಾಗಿ ನಿಜವಾದ ವಿಷಯವನ್ನೇ ಬರೆದೆ. ಮೈಸೂರಿಗೆ ಒಪ್ಪಿಗೆ ಕಳಿಸುವ ಕೊನೆಯ ದಿನ ಸೋಮವಾರ, ಕಳಿಸಿಬಿಡುತ್ತೇನೆ, ಬರುವ ತಿಂಗಳು ನಾನು ಇಲ್ಲಿರುವುದಿಲ್ಲ, ಇವರು ಬೇಡ ಎಂದರೆ ನಿಂತೇನು, ಆದರೆ ಅನ್ನುವುದಿಲ್ಲ ಬಿಡು. ಬರೆಯುವಾಗ ಪ್ರತಿ ಅಕ್ಷರವನ್ನೂ ಒತ್ತಿ ಒತ್ತಿ ಬರೆದೆ, ಅದಕ್ಕೆ ಚೆನ್ನಾಗಿ ಕೇಳಿಸಲಿ ಎಂದು.

ಆ ಸಂಜೆ ಇವರು ಬಂದು ಕೈಕಾಲು ತೊಳೆದುಕೊಂಡರು. ಊಟ ಆತೇನು ಎಂದರು. ಮರುದಿನವೂ ಅಷ್ಟೇ. ನಾನು ಮುಖ ನೋಡುತ್ತಿದ್ದೆ. ಕಲ್ಲಿಗೆ ನೀರೆರೆದ ಹಾಗೆ. ಶನಿವಾರ ಬಂತು. ಓದಿದ್ದಾರೆ, ಓದಿಯೂ ಸುಮ್ಮನಿದ್ದಾರೆ ಎಂದರೆ ಉತ್ತರ ಬಂದ ಹಾಗೆಯೇ. ನನಗೆ ಅಳುವೂ ಬರಲಿಲ್ಲ. ಆಂಟಿವೈರಸ್ ತೆರೆದು ಕೆಹುಕ್‌ನ ಎದುರು 'ತಡೆ' ಎಂದು ಒತ್ತಿದೆ. ಇಷ್ಟು ಕೇಳಿದ್ದು ಸಾಕು, ಇನ್ನು ಮುಚ್ಚು ಕಿವಿ.

ಭಾನುವಾರ ಊಟವಾದ ಮೇಲೆ ನಾನು ಮಲಗುವುದು, ಇವರು ಕಂಪ್ಯೂಟರಿನ ಮುಂದೆ ಕೂರುವುದು ವಾಡಿಕೆ. ಕನ್ನಡ ಸಂಘದ ಕೆಲಸ ಎನ್ನುತ್ತಿದ್ದರು. ಏನು ಕೆಲಸ ಎಂದು ನಾನೂ ಕೇಳಿದವಳಲ್ಲ. ಅವತ್ತು ಕಣ್ಣು ಮುಚ್ಚುವಷ್ಟರಲ್ಲಿ ಕೂಗಿದರು.

"ವಿಶಾಲೂ, ಇದಕ್ಕೇನಾಗೇದ ನೋಡು ಬಾ ಇಲ್ಲೆ. ಕನ್ನಡ ಬರವಲ್ಲದು."

ಎದ್ದು ಹೋದೆ. "ಯಾವ ಕನ್ನಡ?"

"ಸಂಘದ ಸ್ಮರಣ ಸಂಚಿಕೀದು. ಬಸವಲಿಂಗಪ್ಪನವರದು ಅಧ್ಯಕ್ಷರ ಮಾತು ಅರ್ಧಾ ಹೊಡದಿಟ್ಟಿದ್ದೆ. ಹೋದ ವಾರ ಛಲೋ ಇತ್ತು. ಈಗ ನೋಡು, ಬರೇ ಇಂಗ್ಲಿಷ್ ಬೀಳಾಕತ್ತದ."

ಪರದೆಯ ಮೇಲೆ ಬಸವಲಿಂಗಪ್ಪನವರು 'ಹೂಗ್ಲಿಯ ದಡದಲ್ಲಿ ಕಾವೇರಿಯ ಮಕ್ಕಳು' ಎಂಬಲ್ಲಿಯವರೆಗೆ ಕನ್ನಡದಲ್ಲಿ ಬಂದು, ಅಲ್ಲಿಂದ ಮುಂದೆ ಇಂಗ್ಲಿಷ್ ಅಕ್ಷರಗಳ ಕಸವಾಗಿದ್ದರು.

"ಇದ್ರಲ್ಲಿ ಕನ್ನಡ ಹೇಗೆ ಬರುತ್ತೆ?" ಎಂದೆ. ನನ್ನ ದನಿ ನನಗೇ ಬೇರೆಯವರದ್ದು ಎನಿಸಿತು.

"ಸೆಕ್ಟರ್ ಫೈವ್‌ನ ಕಂಪ್ಯೂಟರ್ ಕಂಪನ್ಯಾಗ ಕೆಲಸ ಮಾಡೋ ಹುಡುಗ್ರು ಸಂಘಕ್ಕ ಸೇರ್ಯಾರಲ್ಲ, ಅವರೊಳಗ ಒಬ್ಬಾಂವ ತಾನಾ ಬರದು ಸಿ.ಡಿ. ಕೊಟ್ಟಾನ. ಅದನ್ನ ಹಾಕಿದ್ರ ಹಿಂದಿಂದ ಓಡ್ತಿರ್ತದ. ಏನೋ ಹುಕ್ ಅಂತ ಹೆಸರು."

ನಾನು ಅವರ ಭುಜದ ಮೇಲಿಂದ ಕೈ ಚಾಚಿ 'ತಡೆ'ಯನ್ನು ತೆಗೆದೆ. ಪ್ರೋಗ್ರಾಮನ್ನು ಮತ್ತೆ ಓಡಿಸಿದೆ. ಅವರು ಒಂದು ಕೀ ಒತ್ತಿದರು. 'ಕ' ಬಂತು.

ಎಲ್ಲ ಕೀಗಳನ್ನೂ ಕೇಳಿಸಿಕೊಳ್ಳದೆ ಅದು ಅಕ್ಷರ ತಿರುಗಿಸುವುದಾದರೂ ಹೇಗೆ? ಕೇಳುತ್ತಿತ್ತು, ತಿರುಗಿಸುತ್ತಿತ್ತು, ಮರೆಯುತ್ತಿತ್ತು. ಇಟ್ಟುಕೊಳ್ಳುತ್ತಿರಲಿಲ್ಲ. ಬಂಗಾಳಿ ಟೈಪಿಂಗ್ ದೀಪಂಕರ್‌ಗೆ ಗೊತ್ತಿತ್ತು, ಕನ್ನಡಕ್ಕೂ ಅಂಥದ್ದು ಒಂದಿರಬಹುದೆಂದು ಅವನಿಗೆ ಹೊಳೆಯಲಿಲ್ಲ. ಅವನನ್ನೇನು ಅನ್ನುವುದು? ಕನ್ನಡದವಳು ನಾನು, ನನಗೇ ಹೊಳೆಯಲಿಲ್ಲ. ಗಂಡ ಗೂಢಚಾರಿಕೆ ಮಾಡುತ್ತಾನೆ ಎಂದು ನಂಬಿದೆನೇ ಹೊರತು, ಕನ್ನಡ ಬರೆಯುತ್ತಿರಬಹುದು ಎಂದು ಎಣಿಸಲಿಲ್ಲ.

"ಮತ್ತೆ ಟೊಕ್ ದೊಯಿ?" ಎಂದೆ.

"ಯಾವ ಟೊಕ್ ದೊಯಿ?"

"ಆವತ್ತು ತಂದ್ರಲ್ಲ, ಹುಳಿ ಮೊಸರು. ಯಾಕೆ ತಂದ್ರಿ?"

ಅವರು ನೆನಪು ಮಾಡಿಕೊಂಡರು. "ಮಿಷ್ಟಿ ದೊಯಿ ತೀರಿತ್ತು."

ಏನೂ ಅಪಾಯವಿಲ್ಲ. ಪೂರ್ತಿ ಸುರಕ್ಷಿತ. ಯಾರೂ ನನ್ನನ್ನು ಓದುತ್ತಿರಲಿಲ್ಲ. ನಾನು ಬೇಕಾದ್ದನ್ನು ಬರೆಯಬಹುದಿತ್ತು, ಯಾರಿಗೂ ಬೇಕಾಗಿರಲಿಲ್ಲ. ಅಷ್ಟು ತಿಂಗಳಲ್ಲಿ ಮೊದಲ ಸಲ ನನಗೆ ನೋವಾಯಿತು, ನೋವು ಎಂದೇ ಗೊತ್ತಾಗುವಂಥ ನೋವು. ಅಲ್ಲೇ ಮಂಚದ ತುದಿಯಲ್ಲಿ ಕುಳಿತುಬಿಟ್ಟೆ.

ಇವರು ಕುರ್ಚಿ ತಿರುಗಿಸಿ ನನ್ನನ್ನೇ ನೋಡಿದರು. "ನಾ ನಿಂದು ಓದಾಕತ್ತೀನಿ ಅಂತ ತಿಳಕೊಂಡಿದ್ದೇನು?"

"ಹೂಂ."

ಬೈಯುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು ಬೇರೆ. "ಏನ್ ಬರದಿದ್ದಿ?"

ಊಟ ಆತೇನು ಅಲ್ಲದ ಪ್ರಶ್ನೆ. ಏನಿಲ್ಲ ಎಂದರೆ ಅವರು ಬಸವಲಿಂಗಪ್ಪನವರ ಕಡೆ ತಿರುಗುತ್ತಿದ್ದರು, ಸೋಮವಾರ ನಾನು ಒಪ್ಪಿಗೆ ಕಳಿಸುತ್ತಿದ್ದೆ. ನಾಲಗೆಯ ತುದಿಯಲ್ಲಿ ಅದೇ ಇತ್ತು. ಎದ್ದು ಹೋಗಿ ಮೇಲ್ ತೆರೆದು, "ನೀವೇ ಓದಿ," ಎಂದೆ.

ಅವರಿಗೆ ಇಂಗ್ಲಿಷ್ ಅಕ್ಷರದ ಕನ್ನಡ ಓದಿ ಅಭ್ಯಾಸವಿಲ್ಲ. ತುಟಿ ಅಲ್ಲಾಡಿಸಿಕೊಂಡು, ಒಂದೊಂದೇ ಮಾತನ್ನು ಕೂಡಿಸಿಕೊಂಡು ಓದಿದರು. ಮೈಸೂರಿನ ಕೆಲಸದ ಸುದ್ದಿ ಓದಿದರು, ಸೋಮವಾರದ್ದು ಓದಿದರು, ಮೊಸರನ್ನ ಓದಿದರು. ಒಂದು ಕಡೆ ಬೆರಳಿಟ್ಟು ನಿಂತರು. 'ಮಗು ಹೋದ ಮೇಲೆ ಈ ಮನುಷ್ಯ ಒಂದು ದಿನ ಅತ್ತಿಲ್ಲ ಕಣೇ.'

"ಅತ್ತೀನಿ," ಎಂದರು.

"ಯಾವಾಗ? ನಾನು ನೋಡ್ಲೇ ಇಲ್ಲ."

"ಆಫೀಸಿನ್ಯಾಗ. ಊಟದ ಹೊತ್ತಿಗೆ ಗೋದಾಮಿನ ಹಿಂದ ಹೋಗಿ ನಿಂದರತಿದ್ದೆ. ಈಗೂ ಒಮ್ಮೊಮ್ಮೆ ಹೋಗ್ತೀನಿ." ಪರದೆಯಿಂದ ಬೆರಳು ತೆಗೆದು, "ಮನ್ಯಾಗ ನೀ ಇರ್ತಿದ್ದೆಲ್ಲಾ. ನಿನ್ನ ಮುಂದ ಹ್ಯಾಂಗ ಅಳೂದು?" ಎಂದರು.

ನಾನು ಊಟದ ಡಬ್ಬಿ ಕಟ್ಟಿ ಕಳಿಸುತ್ತಿದ್ದೆ. ಅದು ಕೆಲವು ದಿನ ಹಾಗೇ ವಾಪಸು ಬರುತ್ತಿತ್ತು. ನನ್ನ ಅಡುಗೆ ಕೆಟ್ಟಿದೆ ಎಂದುಕೊಂಡು ಸುಮ್ಮನೆ ತೊಳೆದಿಡುತ್ತಿದ್ದೆ.

"ಹೋಗ್ತೀಯೇನು?" ಎಂದು ಕೇಳಿದರು.

"ಬೇಡ ಅನ್ನಿ, ನೋಡೋಣ."

"ಅನ್ನಾಕ ನನಗ ಬಾಯಿ ಎಲ್ಲದ? ಇಷ್ಟ ದಿನಾ ಏನೂ ಅನಲಾರದಾಂವ."

"ಇಲ್ಲ, ಆದ್ರೂ ಅನ್ನಿ," ಎಂದೆ. ನನಗೆ ಈಗ ಸಿಟ್ಟು ಬಂದಿತ್ತು. ಬರಲಿ ಎಂದು ಕಾದಿದ್ದ ಸಿಟ್ಟು.

ಅವರು ನನಗೆ ಬೆನ್ನು ತಿರುಗಿಸಿ ಕೀಬೋರ್ಡಿನ ಕಡೆ ಬಗ್ಗಿದರು. ಎರಡೇ ಬೆರಳಲ್ಲಿ, ಹುಡುಕಿ ಹುಡುಕಿ, ಒಂದೊಂದೇ ಕೀ ಒತ್ತಿದರು. ಅವರ ಹೆಗಲು ಅಲುಗುತ್ತಿತ್ತು. ಬಸವಲಿಂಗಪ್ಪನವರ ಕಾವೇರಿಯ ಮಕ್ಕಳ ಪಕ್ಕದಲ್ಲೇ, ಅದೇ ಸಾಲಿನಲ್ಲಿ, ಕನ್ನಡದಲ್ಲಿ ಬಂತು: ಹೋಗಬ್ಯಾಡ.

ನಾನು ಅತ್ತೆ. ಅವರೂ ಅತ್ತರು, ಗೋದಾಮು ಇಲ್ಲದೆ, ನನ್ನ ಮುಂದೆಯೇ. ಪಕ್ಕದ ಫ್ಲಾಟಿನವರು ಬಂದು ಬಾಗಿಲು ತಟ್ಟಿದರೂ ತೆರೆಯಲಿಲ್ಲ. ಸೋಮವಾರ ಮೈಸೂರಿಗೆ ಬರುವುದಿಲ್ಲ ಎಂದು ಬರೆದೆ.

ಸಂಚಿಕೆ ಅಚ್ಚಿಗೆ ಹೋಗುವ ಮುಂಚೆ ಆ ಮಾತನ್ನು ತೆಗೆಯಿರಿ ಎಂದು ಇವರಿಗೆ ನಾನೇ ನೆನಪಿಸಬೇಕಾಯಿತು.