ದೊಡವಾಡದ ನಾಲ್ಕು ಕಿಲೋಮೀಟರ್

ಸ್ನೇಹಲ್ ನನ್ನ ನಾದಿನಿ. ಅವಳ ಅಪ್ಪ ನಲವತ್ತೆರಡನೇ ವಯಸ್ಸಿಗೆ ಕರುಳಿನ ಕ್ಯಾನ್ಸರಿನಿಂದ ಹೋದರು, ಅಣ್ಣ ಮೂವತ್ತೊಂದಕ್ಕೆ. ಆ ಅಣ್ಣ ನನ್ನ ಗಂಡ. ಅವಳಿಗೀಗ ಇಪ್ಪತ್ನಾಲ್ಕು. ಅದು ತನ್ನ ರಕ್ತದಲ್ಲೂ ಇದೆಯೇ ಎಂಬುದು ಅವಳಿಗೆ ತಿಳಿಯಬೇಕಿತ್ತು.

ಪಂಪ್‌ಸೆಟ್ ತಯಾರಿಸುವ ಕಂಪನಿಯೊಂದು ಕ್ಯಾನ್ಸರ್ ಜೀನ್ ಸಂಶೋಧನೆಗಾಗಿ ಸೈಕಲ್ ಯಾತ್ರೆ ಇಟ್ಟಿತ್ತು. ಕಿತ್ತೂರಿನಿಂದ ಬೈಲಹೊಂಗಲ ದಾಟಿ ನಮ್ಮೂರು ದೊಡವಾಡದ ಹೈಸ್ಕೂಲ್ ಮೈದಾನಕ್ಕೆ, ನಲವತ್ತು ಕಿಲೋಮೀಟರ್. ಇಬ್ಬಿಬ್ಬರು ಜೋಡಿಯಾಗಿ ಹೊರಡಬೇಕು. ಮಧ್ಯಾಹ್ನ ಒಂದು ಗಂಟೆಯೊಳಗೆ ಇಬ್ಬರೂ ಪೂರ್ತಿ ತುಳಿದರೆ, ಆ ಜೋಡಿ ಹೇಳಿದ ಕುಟುಂಬದ ರಕ್ತ ಪರೀಕ್ಷೆ ಸಂಶೋಧಕರದು, ಖರ್ಚು ಕಂಪನಿಯದು. ದೂರ ಅಳೆಯಲು ಚಕ್ರಕ್ಕೆ ಮೀಟರ್ ಕಟ್ಟಿದ್ದರು.

"ವೈನಿ, ನೀವು ಕಾಲೇಜಿನ್ಯಾಗ ಸೈಕಲ್ ಹೊಡೀತಿದ್ರಿ ಅಲ್ಲ?" ಎಂದಳು.

ಹೌದು ಎಂದೆ. ಗಂಡ ಹೋದ ಹನ್ನೊಂದು ತಿಂಗಳಿನಿಂದ ನಾನು ಯಾವುದನ್ನೂ ಬೇಡ ಎಂದಿರಲಿಲ್ಲ, ಬೇಕು ಎಂದೂ ಇರಲಿಲ್ಲ.

ಬೈಲಹೊಂಗಲದಲ್ಲಿ ಮೂರು ಕಡೆ ನಿಲ್ಲಿಸಿ ಶಾಲು ಹೊದಿಸಿದರು. ಬಿಸಿಲಿನಲ್ಲಿ ಶಾಲು ಹೊದ್ದೇ ತುಳಿದೆವು. ದೊಡವಾಡಕ್ಕೆ ನಾಲ್ಕು ಕಿಲೋಮೀಟರ್ ಇರುವಾಗ ರಸ್ತೆಗೆ ಅಡ್ಡವಾಗಿ ಟ್ರ್ಯಾಕ್ಟರ್ ನಿಂತಿತ್ತು. ಅದರ ತುಂಬ ಚೆಂಡುಹೂವು, ಟ್ರಾಲಿಯಲ್ಲಿ ಹಲಗೆ ಬಾರಿಸುವವರು, ಮುಂದೆ ನನ್ನ ಮಾವನ ತಮ್ಮ ಬಸಲಿಂಗಪ್ಪ ಕಾಕಾ.

"ನಮ್ಮ ಮನಿ ಹೆಣ್ಮಕ್ಕಳು ಬೆವರು ಸುರಿಸ್ಕೋತ ಊರಿಗೆ ಬರೂದಾ? ನಮ್ಮ ಮರ್ಯಾದಿ ಏನ್ ಉಳೀತದ? ಏರ್ರಿ ಮ್ಯಾಲೆ!"

"ಕಾಕಾ, ಬ್ಯಾಡ್ರಿ, ಮೀಟರ್..." ಎಂದಳು ಸ್ನೇಹಲ್. ಅಷ್ಟರಲ್ಲಿ ಸೈಕಲ್ಲುಗಳು ಟ್ರಾಲಿ ಏರಿದ್ದವು. ನಾವೂ ಏರಿದ್ದೆವು. ಯಾರೋ ನನ್ನ ಬಾಯಿಗೆ ಪೇಢೆ ತುರುಕಿದರು.

ಮೈದಾನದಲ್ಲಿ ಕಂಪನಿಯ ಹುಡುಗಿ ಐಶ್ವರ್ಯಾ ಬಗ್ಗಿ ಮೀಟರ್ ನೋಡಿದಳು.

"ಮೂವತ್ತಾರು ಅದರಿ."

ಹಲಗೆ ನಿಂತಿತು.

"ಟ್ರ್ಯಾಕ್ಟರಿಂದು ಹಿಡಿಯೂದಿಲ್ಲೇನು?" ಎಂದರು ಕಾಕಾ. "ಡೀಸೆಲ್ ನಂದ ಐತಿ."

"ಚಕ್ರ ತಿರಗಬೇಕ್ರಿ ಕಾಕಾರ."

ಸ್ನೇಹಲ್ ನೆಲಕ್ಕೆ ಕುಸಿದು ಕೂತಳು. ಗಂಟೆ ಹನ್ನೆರಡೂವರೆ. ನಾನು ನಿಯಮದ ಕಾಗದ ಇಸಿದುಕೊಂಡು ಎರಡು ಸಲ ಓದಿದೆ.

"ಯಾವ ದಾರಿ ಅಂತ ಬರದಿಲ್ಲ," ಎಂದೆ. "ನಲವತ್ತು ಅಂತ ಐತಿ, ಅಷ್ಟ."

ಐಶ್ವರ್ಯಾ ತಾನೂ ಓದಿ ನಕ್ಕಳು. "ಹೊಡೀರಿ ಮತ್ತ!"

ಮೈದಾನಕ್ಕೆ ಹದಿನೈದು ಸುತ್ತು. ಮೊದಲ ಸುತ್ತಿಗೇ ತೊಡೆ ಉರಿಯಿತು. ಮೂರನೆಯದಕ್ಕೆ ಹಲಗೆ ಮತ್ತೆ ಶುರುವಾಯಿತು. ಹೆಂಗಸರು ಮಜ್ಜಿಗೆಯ ತಂಬಿಗೆ ಹಿಡಿದು ಅಡ್ಡ ಬಂದರು. ಕಾಕಾ ಧೋತರ ಎತ್ತಿ ಕಟ್ಟಿ ನಮ್ಮ ಮುಂದೆ ಮುಂದೆ ಓಡಿದರು.

"ಸರೀರಿ! ಮಜ್ಜಿಗಿ ಕೊಟ್ಟವರ ಮನಿಗೆ ನಾ ಸಾಯೂತನಕ ಕಾಲಿಡೂದಿಲ್ಲ!"

"ಹಂಗಾದ್ರ ದಿನಾ ಕೊಡ್ತೇವಿ ತಗೋರಿ!" ಎಂದಳು ಪಕ್ಕದ ಮನೆಯ ಮಾಯವ್ವ.

ನನ್ನ ಹ್ಯಾಂಡಲ್ ಅಲುಗಾಡಿತು. ನನ್ನ ಬಾಯಿಂದ ಬರುತ್ತಿದ್ದ ಸದ್ದು ನಗೆಯೆಂದು ತಿಳಿಯಲು ಅರ್ಧ ಸುತ್ತು ಬೇಕಾಯಿತು. ಅಷ್ಟರಲ್ಲಿ ಸುತ್ತಿನ ಲೆಕ್ಕ ಎಲ್ಲರಿಗೂ ತಪ್ಪಿತ್ತು; ಒಬ್ಬರು ಹನ್ನೆರಡು ಸುತ್ತು ಎಂದರು, ಇನ್ನೊಬ್ಬರು ಹದಿನೇಳು. ಒಂದಕ್ಕೆ ನಾಲ್ಕು ನಿಮಿಷ ಇರುವಾಗ ಎರಡೂ ಮೀಟರುಗಳು ನಲವತ್ತು ತೋರಿಸಿದವು.

ಸಂಶೋಧಕರು ಕಳಿಸಿದ್ದ ನರ್ಸ್ ಮೈದಾನದಲ್ಲೇ ಮೊದಲು ಸ್ನೇಹಲಳ ರಕ್ತ ತೆಗೆದಳು. "ಅಪ್ಪನ ಕಡಿಯವರು ಯಾರರ ಅದಾರೇನ್ರಿ?"

ಎಲ್ಲರೂ ಕಾಕಾನತ್ತ ನೋಡಿದರು. ಕಾಕಾನ ಮುಖ ಬಿಳಿಚಿತು. "ನಂದ್ಯಾಕ? ನಾ ಗಟ್ಟಿ ಅದೇನಿ."

"ಕಾಕಾ, ನಾಲ್ಕು ಕಿಲೋಮೀಟರ್ ಕಸಗೊಂಡವರು ನೀವ," ಎಂದಳು ಸ್ನೇಹಲ್. "ನಾಲ್ಕು ಹನಿ ಕೊಡ್ರಿ."

ಕಾಕಾ ಕಣ್ಣು ಮುಚ್ಚಿ ಕುರ್ಚಿಯಲ್ಲಿ ಕೂತರು. ನಾನೂ ರಕ್ತ ಕೊಡಲು ಅಂಗಿಯ ತೋಳು ಮಡಿಚಿ ನಿಂತೆ.

"ನಿಮ್ಮದು ಬ್ಯಾಡ್ರಿ ಅಕ್ಕಾರ," ಎಂದಳು ನರ್ಸ್. "ನೀವು ಸೊಸಿ. ರಕ್ತ ಬ್ಯಾರೆ."

ಸ್ನೇಹಲ್ ತೋಳಿನ ಹತ್ತಿ ಒತ್ತಿಕೊಂಡೇ ಎದ್ದು ಬಂದಳು. "ಹಂಗಾದ್ರ ಇವರ ಫೋನ್ ನಂಬರ್ ಬರ್ಕೋರಿ. ರಿಪೋರ್ಟ್ ಬಂದ್ರ ಮೊದಲ ವೈನಿಗೆ ಹೇಳ್ರಿ. ನನಗ ಅವರ ಹೇಳಲಿ."

ನಾನು ನಂಬರ್ ಹೇಳತೊಡಗಿದೆ. ಕಡೆಯ ಎರಡು ಅಂಕಿ ಉಳಿದಿರುವಾಗ ಕಾಕಾ ಕುರ್ಚಿಯಿಂದ ಜಾರಿ ಬಿದ್ದರು. ಸೂಜಿ ಇನ್ನೂ ಚುಚ್ಚಿರಲಿಲ್ಲ.

ಮುಖಕ್ಕೆ ನೀರು ಚಿಮುಕಿಸಿದೆವು. ಕಣ್ಣು ಬಿಟ್ಟರು, ಏಳಲಿಲ್ಲ. ಮಲಗಿದಲ್ಲಿಂದಲೇ ತೋಳು ಚಾಚಿದರು.

"ಹಿಂಗ ತಗೋರಿ. ಬೀಳಾಕ ಇನ್ನ ಜಾಗಾ ಇಲ್ಲ."