ಗುರುಸಿದ್ದನ ಪಥ್ಯ

ಬೆಳಗಾವಿಯಲ್ಲಿ ಡಾಕ್ಟರಿಕೆ ಓದುತ್ತಿದ್ದ ಗುರುಸಿದ್ದನಿಗೆ ದಪ್ಪಗಿದ್ದವರನ್ನು ಕಂಡ ಕೂಡಲೇ ರೋಗ ತಿಳಿದುಬಿಡುತ್ತಿತ್ತು. ಕುರಿಗಳ ಹಿಂದೆ ಓಡಾಡಿ ಬೆಳೆದ ಮೈ ಅವನದು. ಎಷ್ಟು ಉಂಡರೂ ಸೊಂಟದ ಮೇಲೆ ಪ್ಯಾಂಟು ನಿಲ್ಲುತ್ತಿರಲಿಲ್ಲ. ದಪ್ಪಗಿದ್ದವರೆಲ್ಲ ಬಾಯಿಚಪಲದಿಂದಲೇ ಹಾಗಾದವರು ಎಂದು ಅವನ ಖಾತ್ರಿ.

ಸಾವಿರದ ಒಂಬೈನೂರ ಎಂಬತ್ತರ ಸುಮಾರಿನ ಒಂದು ಗುರುವಾರ. ಕಾಲೇಜಿನವರು ಖಾನಾಪುರದಲ್ಲಿ ವಾರಕ್ಕೊಮ್ಮೆ ನಡೆಸುತ್ತಿದ್ದ ದವಾಖಾನೆಗೆ ಕಾಶವ್ವ ಬಂದಳು. ಭಾರೀ ಆಳು. ಏದುಸಿರು ಬಿಡುತ್ತ, "ಮೊಣಕಾಲ ಭಾಳ ನೋಯ್ತೈತ್ರಿ" ಎಂದಳು.

ಗುರುಸಿದ್ದ ಕೂತಲ್ಲಿಂದಲೇ ಹೇಳಿದ: "ತಿನ್ನೂದ ಕಡಿಮಿ ಮಾಡ್ರಿ. ಹೊತ್ತಿಗೊಂದ ರೊಟ್ಟಿ, ಕುದಿಸಿದ ಪಲ್ಯ. ಎಣ್ಣಿ, ಸಕ್ಕರಿ ಬಂದ್."

ಗೆಳೆಯ ಬಾಳಾಸಾಹೇಬ ತೂಕದ ಮಷೀನನ್ನು ಬದಿಗೆಳೆದು, "ಇನ್ನೂ ಹೊಸಾದೈತೋ, ಜ್ವಾಕಿ" ಎಂದು ಪಿಸುಗುಟ್ಟಿದ. ಇಬ್ಬರೂ ಕಿಸಕ್ಕನೆ ನಕ್ಕರು. ಕಾಶವ್ವ ಕೇಳಿಸದವಳಂತೆ ಸೆರಗು ಸರಿಮಾಡಿಕೊಂಡಳು.

ಹಿಂದೆಯೇ ನಿಂತಿದ್ದ, ಅವರಿಬ್ಬರಿಗೂ ಪಾಠ ಹೇಳುತ್ತಿದ್ದ ಡಾಕ್ಟರ್ ಗಂಗಾದೇವಿಯವರು ನಗಲಿಲ್ಲ.

"ಮೊಣಕಾಲ ಮುಟ್ಟಿ ನೋಡಿದೇನಪಾ?"

"ಇಲ್ರೀ ಮೇಡಂ."

"ಏನ್ ಉಣ್ತಾರಂತ ಕೇಳಿದೇನು?"

"ಕೇಳೂದೇನೈತ್ರಿ, ಕಾಣಸ್ತೈತಲ್ರಿ."

"ಹೌದಾ? ಹಂಗಾದ್ರ ಮುಂದಿನ ಗುರುವಾರದ ತನಕ ಆ ಪಥ್ಯ ನೀನೂ ಮಾಡು."

ಮೊದಲ ದಿನ ಗುರುಸಿದ್ದ ಹಾಸ್ಟೆಲ್ಲಿನಲ್ಲಿ ಎದೆಯುಬ್ಬಿಸಿ ತಿರುಗಿದ. ಮರುದಿನ ಕ್ಲಾಸಿನಲ್ಲಿ ಪ್ರೊಫೆಸರರು ಪ್ರಶ್ನೆ ಕೇಳಿದರೆ ಇವನಿಗಿಂತ ಮೊದಲು ಇವನ ಹೊಟ್ಟೆಯೇ ಉತ್ತರ ಕೊಟ್ಟಿತು. ಬಾಳಾಸಾಹೇಬ ರವಿವಾರ ಪೇಟೆಯ ಮಿಠಾಯಿ ಅಂಗಡಿಯಿಂದ ಕುಂದಾ ತಂದು, ಎದುರಿಗೇ ಕೂತು ಬೆರಳು ನೆಕ್ಕಿ ನೆಕ್ಕಿ ತಿಂದ. ಗುರುಸಿದ್ದ ಅವನೊಡನೆ ಮಾತು ಬಿಟ್ಟ.

ಅಂತೂ ಗುರುವಾರ ಬಂತು. ಖಾನಾಪುರದ ಸ್ಟ್ಯಾಂಡಿನಲ್ಲಿ ಬಸ್ಸಿಳಿದರೆ, ಹೋಟೆಲಿನ ಬಾಣಲೆಯಲ್ಲಿ ಮಿರ್ಚಿ ಭಜಿ ಕುಣಿಯುತ್ತಿದ್ದವು. ಕಾಲುಗಳೇ ಅವನನ್ನು ಒಳಗೆ ಒಯ್ದವು. ಬಾಯಿ ತುಂಬ ಭಜಿ ಇದ್ದಾಗ ಬೆನ್ನ ಹಿಂದೆ ದನಿ ಕೇಳಿಸಿತು: "ಡಾಕ್ಟರ್ ಸಾಹೇಬ್ರ, ಪಥ್ಯ ಹ್ಯಾಂಗ ನಡದೈತ್ರಿ?"

ಕಾಶವ್ವ! ಅವಳ ಮುಂದೆ ಸಕ್ಕರೆಯಿಲ್ಲದ ಚಹಾ.

ಗುರುಸಿದ್ದನಿಗೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

"ಕುಂತ ತಿನ್ರಿ, ಗಂಟಲಾಗ ಸಿಕ್ಕೀತು" ಎಂದಳು ಕಾಶವ್ವ. "ನಾ ಮದಿವಿ ಆದಾಗಿಂದ ಇದ ಪಥ್ಯ ಮಾಡಾಕತ್ತೀನಿ. ನನ್ನ ಮೈ ಇಳೀಲಿಲ್ಲ. ಹಸದಾಗಿನ ನನ್ನ ಸಿಟ್ಟಿಗೆ ನಮ್ಮ ಮನಿಯವ್ರ ಇಳದ ಕಡ್ಡಿ ಆಗ್ಯಾರ."

ನಗು ಬಂದು ಖಾರ ನೆತ್ತಿಗೇರಿತು. ನೀರು ಕುಡಿದು, ನಾಚಿಕೆಯಿಂದ ಸ್ಟೂಲು ಎಳೆದುಕೊಂಡು ಅವಳೆದುರು ಕೂತ. "ಮೊಣಕಾಲ ಯಾವಾಗಿಂದ ನೋಯ್ತೈತ್ರಿ ಅವ್ವಾರ?"

"ಹ್ವಾದ ವರ್ಷ ಬಾವಿಗೆ ಇಳಿಯೂ ಪಾವಟಿಗಿ ಮ್ಯಾಲ ಜಾರಿ ಬಿದ್ದೆ, ಅವತ್ತಿಂದ್ರಿ. ಯಾರರ ಕೇಳಿದ್ರ ಹೇಳ್ತಿದ್ದೆ."

ದವಾಖಾನೆಯಲ್ಲಿ ಗುರುಸಿದ್ದ ನೆಲಕ್ಕೆ ಕೂತು ಎರಡೂ ಮೊಣಕಾಲು ಒತ್ತಿ ನೋಡಿದ. ಒಂದರಲ್ಲಿ ನೀರು ತುಂಬಿಕೊಂಡಿತ್ತು. ಕಾಶವ್ವ ಬಿದ್ದದ್ದನ್ನೂ ಮೊಣಕಾಲಿನ ಸ್ಥಿತಿಯನ್ನೂ ಗಂಗಾದೇವಿಯವರಿಗೆ ವಿವರವಾಗಿ ಹೇಳಿದ.

"ಪಥ್ಯ ಪೂರಾ ಮಾಡಿದೇನು?" ಎಂದು ಅವರು ಕೇಳಿದರು.

"ಮಾಡ್ಯಾರ್ರಿ ಬಾಯಾರ, ನಾನ ಕಣ್ಣಾರೆ ಕಂಡೀನಿ" ಎಂದಳು ಕಾಶವ್ವ. ಗಂಗಾದೇವಿಯವರು ಅವನ ಅಂಗಿಯ ಮೇಲಿನ ಎಣ್ಣೆಯ ಕಲೆ ನೋಡಿ, ಕಾಶವ್ವನ ಚೀಟಿ ಬರೆಯತೊಡಗಿದರು.

ಕಾಶವ್ವನನ್ನು ಬೆಳಗಾವಿಗೆ ಕಳಿಸಿ, ನೀರು ತೆಗೆಸಿ, ಪಟ್ಟಿ ಕಟ್ಟಿಸಿದರು. ಮುಂದೆ ಅವಳು ಸಂತೆಗೆ ನಡೆದೇ ಹೋಗತೊಡಗಿದಳು. ತೂಕ ಗುಂಜಿಯಷ್ಟೂ ಇಳಿದಿರಲಿಲ್ಲ.

ಇನ್ನೊಂದು ಗುರುವಾರ ದಪ್ಪನೆಯ ಸಾವಕಾರನೊಬ್ಬ ಹೊಟ್ಟೆ ಹಿಡಿದುಕೊಂಡು ಒಳಗೆ ಬಂದ. ಬಾಳಾಸಾಹೇಬ ಬಾಯಿ ತೆರೆಯುವುದರೊಳಗೆ ಗುರುಸಿದ್ದ ಅವನ ಕಾಲು ತುಳಿದು, "ಬರ್ರಿ ಸಾವಕಾರ, ಕುಂದರ್ರಿ. ಎಲ್ಲಿ ನೋಯ್ತೈತಿ, ಹೇಳ್ರಿ" ಎಂದ.