ಕಿತ್ತಳೆ ಬಣ್ಣದ ಜೋಡಿ

"ಇದೇ ಜೋಡಿ ಕೊಡು," ಎಂದು ಚಂದ್ರಮೋಹನ ಕಾರಿನ ಎಂಜಿನ್ನನ್ನು ಮೇಲಿನಿಂದ ಮುಚ್ಚುವ ಕಿತ್ತಳೆ ಬಣ್ಣದ ಸಿಲಿಂಡರ್ ಹೆಡ್ಡಿನ ಮೇಲೆ ಅಂಗೈ ಇಟ್ಟ. ಪಕ್ಕದಲ್ಲಿ ಇನ್ನೊಂದು ಜೋಡಿ ಇತ್ತು. ಅದಕ್ಕೆ ತುಕ್ಕು ಹಿಡಿದಿತ್ತು, ಅಂಚಿನಲ್ಲಿ ಹಳೆಯ ಎಣ್ಣೆ ಡಾಂಬರಿನಂತೆ ಗಟ್ಟಿಯಾಗಿತ್ತು. ಅತ್ತ ಅವನು ತಿರುಗಿಯೂ ನೋಡಲಿಲ್ಲ.

ಬೆಂಚಿನ ಆಚೆ ನಿಂತಿದ್ದ ದ್ರಾಕ್ಷಾಯಿಣಿ ಕೈಯಲ್ಲಿದ್ದ ಸೀಮೆಸುಣ್ಣವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಕಿತ್ತಳೆ ಜೋಡಿಯಲ್ಲಿ ಒಂದು ಹೆಡ್ಡು ಬಿರುಕು ಬಿಟ್ಟಿದೆ ಎಂದು ಅವಳಿಗೆ ಗೊತ್ತಾಗಿ ಹತ್ತು ನಿಮಿಷವೂ ಆಗಿರಲಿಲ್ಲ. ಆಯಸ್ಕಾಂತ ಇಟ್ಟು ಹಳದಿ ಬಣ್ಣದ ಕಬ್ಬಿಣದ ಪುಡಿ ಉದುರಿಸಿದಾಗ, ಎರಡು ವಾಲ್ವುಗಳ ನಡುವೆ ಪುಡಿ ಸರಿದು ಬಂದು ಕೂದಲೆಳೆಯಂಥ ಗೆರೆಯಾಗಿ ನಿಂತಿತ್ತು. ಬರಿಗಣ್ಣಿಗೆ ಅದು ಕಾಣದು. ಎಂಜಿನ್ ಕಾದಾಗ ಆ ಗೆರೆ ಬಾಯಿ ಬಿಡುತ್ತದೆ, ನೀರು ಒಳಗಿಳಿದು ಆಯಿಲಿಗೆ ಸೇರಿ ಎಂಜಿನ್ನನ್ನೇ ಕೆಡಿಸುತ್ತದೆ. ಪುಡಿ ಒರೆಸಿ, ಮಾರುವಂಥದ್ದಲ್ಲ ಎಂದು ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆಯಬೇಕು ಎನ್ನುವಷ್ಟರಲ್ಲಿ ಅವನು ಬಂದಿದ್ದ.

2017ರ ಮೇ ತಿಂಗಳು. ಕಡಲಾಚೆಯ ಮಿಸಿಸಾಗ ಪಟ್ಟಣದಲ್ಲಿ ವಿಮಾನ ನಿಲ್ದಾಣದ ಮಗ್ಗುಲಿಗಿದ್ದ ಆ ಹಳೆಯ ಕಾರು ಬಿಡಿಭಾಗಗಳ ಅಂಗಡಿ ಬೆಳಗಾವಿಯ ದ್ಯಾಮಣ್ಣನದು. ಅವತ್ತು ಅವನು ಸಾಮಾನು ತರಲು ಹ್ಯಾಮಿಲ್ಟನ್ನಿಗೆ ಹೋಗಿದ್ದ. ಅಂಗಡಿಯಲ್ಲಿ ಅವಳೊಬ್ಬಳೇ.

"ನೀನು ಇಲ್ಲಿ ಸೇರ್ಕೊಂಡಿದೀಯ ಅಂತ ಗೊತ್ತೇ ಇರ್ಲಿಲ್ಲ," ಎಂದು ಚಂದ್ರಮೋಹನ ನಕ್ಕ. "ಫೋನ್ ಎತ್ತೋ ಕೆಲ್ಸಾನಾ?"

ಬ್ರಾಂಪ್ಟನ್ನಿನ ಅವನ ಗ್ಯಾರೇಜಿನಲ್ಲಿ ಅವಳು ಮೂರು ವರ್ಷ ಎಂಜಿನ್ ಬಿಚ್ಚಿ ಜೋಡಿಸಿದ್ದಳು. ಹುಬ್ಬಳ್ಳಿಯಲ್ಲಿ ಅಪ್ಪನ ಶೆಡ್ಡಿನಲ್ಲೇ ಕಲಿತ ಕೈ ಅದು. ಒಮ್ಮೆ ಅವನೇ ಅವಸರದಲ್ಲಿ ಬೋಲ್ಟು ಸರಿಯಾಗಿ ಬಿಗಿಯದೆ ಗಿರಾಕಿಯೊಬ್ಬನ ಎಂಜಿನ್ ಕೆಡಿಸಿದ. ಎಲ್ಲರೆದುರು ಅವಳತ್ತ ಬೆರಳು ತೋರಿಸಿದ. ಅವಳು ಸುಮ್ಮನಿರದೆ ಗಿರಾಕಿಗೆ ನಿಜ ಹೇಳಿದಳು. ಮೆಕ್ಯಾನಿಕ್ ಲೈಸೆನ್ಸಿನ ಪರೀಕ್ಷೆಗೆ ಕೂರಬೇಕಾದರೆ ದುಡಿದ ತಾಸುಗಳಿಗೆ ಮಾಲೀಕ ಸಹಿ ಹಾಕಬೇಕು. ಮರುವಾರ ಅವಳು ಹಾಳೆ ಹಿಡಿದು ನಿಂತಾಗ ಅವನು ಪೆನ್ನಿನ ಮುಚ್ಚಳ ಹಾಕಿ, "ಫೋನ್ ಎತ್ತಿದ್ದಕ್ಕೂ ನೆಲ ಗುಡಿಸಿದ್ದಕ್ಕೂ ಲೆಕ್ಕ ಕೊಡಕ್ಕಾಗಲ್ಲಮ್ಮ" ಎಂದಿದ್ದ. ಮೂರು ವರ್ಷ ಹಾಗೆಯೇ ಹೋಯಿತು. ಇಲ್ಲಿ ಮತ್ತೆ ಮೊದಲಿನಿಂದ ಶುರುಮಾಡಿದ್ದಳು.

"ಎಪ್ಪತ್ತನೇ ಇಸ್ವಿ ಶೆವೆಲ್ ಕಾರು ತೊಗೊಂಡಿದೀನಿ. ಜೂನ್‌ನಲ್ಲಿ ಹಳೇ ಕಾರುಗಳ ಶೋ ಇದೆ," ಎಂದು ಅವನು ಹೆಡ್ಡಿನ ಅಡಿ ಎರಕದಲ್ಲೇ ಮೂಡಿಸಿದ್ದ ನಂಬರನ್ನು ಫೋನಿನಲ್ಲಿ ಹುಡುಕಿ ನೋಡಿದ. "ಕರೆಕ್ಟಾಗಿದೆ. ಏನು ಫಿನಿಶ್ಶು ನೋಡು."

ಆಯಸ್ಕಾಂತ ಬೆಂಚಿನ ಕೆಳಗೇ ಇತ್ತು, ಪುಡಿಯ ಡಬ್ಬಿಯೂ ಇತ್ತು. ಬಿರುಕು ತೋರಿಸುವುದು ಒಂದು ನಿಮಿಷದ ಕೆಲಸ. ಅವಳು ಬಗ್ಗಲಿಲ್ಲ. ಕಣ್ಣು ತಗ್ಗಿಸಿ, ಅವನ ಗ್ಯಾರೇಜಿನಲ್ಲಿ ಮಾತಾಡುತ್ತಿದ್ದ ಅದೇ ಅಂಜಿಕೆಯ ದನಿಯಲ್ಲಿ ಹೇಳಿದಳು.

"ಸರ್, ಅದರಾಗ ಒಂದಕ್ಕ ಬಿರುಕು ಐತ್ರಿ. ಆ ತುಕ್ಕಿನ್ವು ಚೊಲೋ ಅದಾವು."

ಆ ದನಿಗೆ ಅವನು ಎಂದೂ ಕಿವಿಗೊಟ್ಟವನಲ್ಲ. ಅದು ಅವಳಿಗೆ ಗೊತ್ತಿತ್ತು.

ಚಂದ್ರಮೋಹನ ಹೆಡ್ಡನ್ನು ಬೆಳಕಿಗೆ ಓರೆಯಾಗಿಸಿ ನೋಡಿದ. "ಎಲ್ಲಮ್ಮ ಬಿರುಕು? ನಂಗೇ ಕಾಣ್ದಿದ್ದು ನಿಂಗೆ ಕಾಣುತ್ತಾ? ಇದನ್ನ ಯಾರಿಗೋ ಎತ್ತಿಟ್ಟಿದೀರ, ಆ ಕಸಾನ ನನ್ನ ತಲೆಗೆ ಕಟ್ತೀರ. ಬಿಲ್ ಮಾಡು."

ಅವಳು ಬಿಲ್ಲು ಬರೆದಳು. ಕೆಳಗಡೆ ಇಂಗ್ಲಿಷಿನಲ್ಲಿ, ಒಂದು ಹೆಡ್ಡಿನಲ್ಲಿ ಬಿರುಕಿದೆ, ಗಿರಾಕಿಗೆ ತಿಳಿಸಿ ಕೊಟ್ಟಿದೆ, ವಾಪಸು ಇಲ್ಲ ಎಂದು ದುಂಡಗೆ ಬರೆದು ಮುಂದೆ ಸರಿಸಿದಳು. "ಇಲ್ಲೆ ಒಂದು ಸೈನ್ ಮಾಡ್ರಿ, ಸರ್."

ಅವನು ಓದದೆ, ಉದ್ದಕ್ಕೆ ಬಾಲ ಎಳೆದು ಸಹಿ ಹಾಕಿದ. ಮಸಿ ಆರುವ ತನಕ ಅವಳು ಅದನ್ನೇ ನೋಡುತ್ತಿದ್ದಳು. ಹೆಡ್ಡುಗಳನ್ನು ತಳ್ಳುಗಾಡಿಯಲ್ಲಿಟ್ಟು ತಾನೇ ಅವನ ಕಾರಿನ ತನಕ ಒಯ್ದು ಕೊಟ್ಟಳು. ಅವತ್ತು ಮಧ್ಯಾಹ್ನ ಡಬ್ಬಿಯ ರೊಟ್ಟಿ ಎಂದಿಗಿಂತ ರುಚಿಯಾಗಿತ್ತು.

ಆಮೇಲಿನ ದಿನಗಳಲ್ಲಿ ಬಸ್ಸಿನಲ್ಲಿ ಕೂತಾಗ, ತಲೆಗೆ ಎಣ್ಣೆ ಹಚ್ಚಿಕೊಳ್ಳುವಾಗ, ಅವಳು ಆ ಎಂಜಿನ್ನನ್ನು ನೆನೆಯುತ್ತಿದ್ದಳು. ಈಗ ಹೆಡ್ಡು ಕೂರಿಸಿರಬೇಕು. ಈಗ ನೀರು ತುಂಬಿರಬೇಕು. ಶೋಗೆ ಬಂದ ಜನರ ನಡುವೆ ಅವನು ಬಾನೆಟ್ ಎತ್ತಿ, ಮೇಲೇಳುವ ಬಿಳಿ ಹೊಗೆಗೆ ಮುಖ ತಿರುಗಿಸುವುದನ್ನು ಮತ್ತೆ ಮತ್ತೆ ಕಂಡಳು. ಪ್ರತಿ ಸಲವೂ ಜನರ ಸಂಖ್ಯೆ ಹೆಚ್ಚುತ್ತಿತ್ತು.

ಜೂನ್ ಕೊನೆಗೆ ಅವನು ಬಂದ. ಜೊತೆಗೆ ಹೆಂಡತಿ ವಸಂತಾ. ಗ್ಯಾರೇಜಿಗೆ ಬಂದಾಗಲೆಲ್ಲ ದ್ರಾಕ್ಷಾಯಿಣಿಗೆಂದು ಬೇರೆ ಡಬ್ಬಿಯಲ್ಲಿ ಚಿತ್ರಾನ್ನ ತರುತ್ತಿದ್ದ ಹೆಂಗಸು.

"ಮೋಸ ಮಾಡ್ತೀರೇನ್ರಿ?" ಚಂದ್ರಮೋಹನ ದ್ಯಾಮಣ್ಣನ ಮೇಜು ಗುದ್ದಿದ. "ಆಯಿಲಿಗೆ ನೀರು ಸೇರಿ ಬೇರಿಂಗ್ ಎಲ್ಲ ಹೋಯ್ತು! ಒಡೆದಿರೋ ಹೆಡ್ ಕೊಟ್ಟಿದಾಳೆ ಇವಳು!"

ದ್ಯಾಮಣ್ಣ ಫೈಲು ತೆಗೆದು, ಬಿಲ್ಲಿನ ಪ್ರತಿಯನ್ನು ಅವನ ಮುಂದಿಟ್ಟ. "ಸೈನ್ ನಿಮ್ದ ಐತೆಲ್ರಿ, ಸರ್?"

ಓದುತ್ತ ಓದುತ್ತ ಚಂದ್ರಮೋಹನನ ಕುತ್ತಿಗೆ ಕೆಂಪಾಯಿತು. ಆ ಕೆಂಪು ಕಿವಿಗೇರುವುದನ್ನು ದ್ರಾಕ್ಷಾಯಿಣಿ ಕಣ್ಣು ಮಿಟುಕಿಸದೆ ನೋಡಿದಳು. ವಸಂತಾ ಕಾಗದ ಎಳೆದುಕೊಂಡು ಓದಿದಳು.

"ಇವಳು ಹೇಳಿದ್ಲೇನ್ರಿ ನಿಮ್ಗೆ?"

ಅವನು ತುಕ್ಕಿನ ಜೋಡಿಯತ್ತ ಕಣ್ಣು ಹೊರಳಿಸಿದ.

ವಸಂತಾ ದ್ರಾಕ್ಷಾಯಿಣಿಯ ಹತ್ತಿರ ಬಂದಳು. "ಶೋಗೆ ಹೊರಟಿದ್ವಿ ಕಣಮ್ಮ. ಹೈವೇ ಮಧ್ಯದ ಲೇನಲ್ಲಿ ನಿಂತ್ಬಿಡ್ತು. ಹಿಂದೆ ಟ್ರಕ್ಕು. ಹಾರ್ನ್ ಹೊಡ್ಕೊಂಡು ನನ್ನ ಪಕ್ಕಾನೇ ಹೋಯ್ತು." ಅವಳು ಗಂಡನ ಕಡೆ ಕೈ ತೋರಿದಳು. "ಇವ್ರು ಯಾರ ಮಾತೂ ಕೇಳಲ್ಲ, ನಂಗೊತ್ತು. ನೀನು ತೋರಿಸ್ಬಹುದಿತ್ತಲ್ವಾ?"

ದ್ರಾಕ್ಷಾಯಿಣಿ ಕನಸಿದ ಜನಜಂಗುಳಿಯಲ್ಲಿ ವಸಂತಾ ಒಮ್ಮೆಯೂ ಬಂದಿರಲಿಲ್ಲ. "ಕೇಳಿದ್ರ ತೋರಸ್ತಿದ್ದೆ ರೀ, ಅಕ್ಕಾರ," ಎಂದಳು.

ಚಂದ್ರಮೋಹನ ತುಕ್ಕಿನ ಜೋಡಿಯ ಕಡೆ ಕೈ ಮಾಡಿ, "ಅದನ್ನ ಟೆಸ್ಟ್ ಮಾಡಿ ತೋರ್ಸು," ಎಂದ. ಅವಳು ಕದಲದ್ದನ್ನು ಕಂಡು, "ಮಾಡಮ್ಮ, ಪ್ಲೀಸ್," ಎಂದು ಸೇರಿಸಿದ.

ಅವಳು ಅವಸರ ಮಾಡಲಿಲ್ಲ. ತುಕ್ಕು ಉಜ್ಜಿ, ಮೈ ಒರೆಸಿ, ಒಂದೊಂದು ಕುಳಿಯ ಮೇಲೂ ಪುಡಿ ಉದುರಿಸಿದಳು. ಲೈಟು ಹಿಡಿಯುವಂತೆ ಅವನಿಗೇ ಹೇಳಿದಳು. ಅವನು ಮುಕ್ಕಾಲು ಗಂಟೆ ಬಗ್ಗಿ ಲೈಟು ಹಿಡಿದು ನಿಂತ. ಎಲ್ಲೂ ಗೆರೆ ಮೂಡಲಿಲ್ಲ.

"ಆ ಲೆಕ್ಕದ ಹಾಳೆ ಇದೆಯಾ ನಿನ್ ಹತ್ರ?" ಅವನು ತಗ್ಗಿದ ದನಿಯಲ್ಲಿ ಕೇಳಿದ. "ತಂದ್ಕೊಡು. ಮೂರು ವರ್ಷಕ್ಕೂ ಸೈನ್ ಹಾಕ್ತೀನಿ."

ದ್ಯಾಮಣ್ಣ ತಟ್ಟನೆ ತಲೆಯೆತ್ತಿ ಅವಳನ್ನು ನೋಡಿದ. ಹಾಳೆ ಅವಳ ಸೂಟ್‌ಕೇಸಿನಲ್ಲಿ ಸೀರೆಗಳ ಕೆಳಗೆ ಭದ್ರವಾಗಿತ್ತು. ಅದಕ್ಕೆ ಸಹಿ ಬಿದ್ದರೆ ಚಳಿಗಾಲದೊಳಗೆ ಪರೀಕ್ಷೆಗೆ ಕೂರಬಹುದಿತ್ತು.

"ಅದನ್ನ ಹರದ ಒಗದೀನ್ರಿ," ಎಂದಳು. "ನಿಮ್ ಸೈನ್ ನನಗ ಬ್ಯಾಡ."

ಅವನು ತುಕ್ಕಿನ ಜೋಡಿಗೆ ದುಡ್ಡು ಕೊಟ್ಟು, ಒಂದು ಹೆಡ್ಡನ್ನು ಎದೆಗವುಚಿಕೊಂಡು ಹೊರಗೆ ನಡೆದ. ತಳ್ಳುಗಾಡಿಯ ಹಿಡಿಕೆಗೆ ಕೈ ಹಾಕಿದ್ದ ದ್ಯಾಮಣ್ಣನಿಗೆ ಅವಳು, "ಇರಲಿ ಬಿಡ್ರಿ, ಅಣ್ಣಾರ," ಎಂದಳು.

ಎರಡನೆಯದನ್ನು ಹೊತ್ತು ಅಂಗಳದ ಅರ್ಧ ದಾಟುವಷ್ಟರಲ್ಲಿ ಅವನಿಗೆ ಸುಸ್ತಾಯಿತು. ಅದನ್ನು ಡಾಂಬರಿನ ಮೇಲೆ ಇಳಿಸಿ, ಸೊಂಟಕ್ಕೆ ಕೈಕೊಟ್ಟು ನಿಂತ. ತಲೆಯ ಮೇಲೆ ವಿಮಾನವೊಂದು ಗಾಲಿ ಬಿಚ್ಚಿಕೊಂಡು ಕೆಳಗೆ ಇಳಿಯುತ್ತಿತ್ತು. ಆಗಲೇ ಹೋಗಿ ಕಾರಿನಲ್ಲಿ ಕೂತಿದ್ದ ವಸಂತಾ ಇಳಿದು ಬಂದಳು. ದುಪಟ್ಟಾದ ತುದಿಯನ್ನು ಅಂಗೈಗೆ ಸುತ್ತಿಕೊಂಡು ಹೆಡ್ಡಿನ ಇನ್ನೊಂದು ಮಗ್ಗುಲು ಹಿಡಿದಳು. ಇಬ್ಬರೂ ಅದನ್ನೆತ್ತಿ ಅಡ್ಡಡ್ಡ ಹೆಜ್ಜೆಯಿಡುತ್ತ, ನಡುನಡುವೆ ನಿಲ್ಲುತ್ತ ಕಾರಿನತ್ತ ಸಾಗಿದರು. ದ್ರಾಕ್ಷಾಯಿಣಿ ಖಾಲಿ ತಳ್ಳುಗಾಡಿಯ ಪಕ್ಕ ಬಾಗಿಲಲ್ಲಿ ನಿಂತೇ ಇದ್ದಳು.